ಪ್ಲಾಸ್ಟಿಕ್ ಡ್ರಮ್ಮಿಗೆ ಹೀಟರ್ ಕಾಯಿಲ್ ಕೂಡಿಸಬಹುದೇ?

ಪ್ರಶ್ನೆ: ನನ್ನ ತಮ್ಮ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿದ್ದಾನೆ. ಮನೆಯಲ್ಲೇ ಬಿಯರ್ ತಯಾರಿಸುವುದು ಅವನ ಹವ್ಯಾಸ. 30 ಲೀಟರಿನ ಪ್ಲಾಸ್ಟಿಕ್ ಬಕೆಟ್ಟಿಗೆ ತೂತು ಕೊರೆದು, ಎಲೆಕ್ಟ್ರಿಕ್ ಕೆಟಲ್‌ನ ಎರಡು ಎಲಿಮೆಂಟ್ ಕೂಡಿಸಿ ಅದರಲ್ಲೇ ಕುದಿಸುತ್ತಾನೆ. ನಾನು ಕಲಬುರಗಿಯ ಸೇಡಂ ರಸ್ತೆಯ ಮನೆಯಲ್ಲಿ ಬಂಧುಬಳಗಕ್ಕಾಗಿ ಶುಂಠಿಯ ಪಾನೀಯ ಮತ್ತು ಕೊಂಬುಚಾ (ಹುಳಿಯಲು ಬಿಟ್ಟ ಸಿಹಿ ಚಹಾ) ಮಾಡುತ್ತೇನೆ. ನನ್ನ ಬಳಿ 50 ಲೀಟರಿನ ಹಳೆಯ ನೀಲಿ ಡ್ರಮ್ ಇದೆ. ಅದಕ್ಕೆ ಗೀಸರ್ ಕಾಯಿಲ್ ಕೂಡಿಸಿದರೆ, ಇಲ್ಲವೇ ಸ್ನಾನದ ನೀರಿನ ಹೀಟರ್ ರಾಡನ್ನೇ ಇಳಿಬಿಟ್ಟರೆ, ಪ್ಲಾಸ್ಟಿಕ್ ಕರಗುತ್ತದೆಯೇ? ಪಾನೀಯಕ್ಕೆ ಏನಾದರೂ ವಿಷ ಸೇರುತ್ತದೆಯೇ?

ಉತ್ತರ: ನಿಮ್ಮ ಎರಡೂ ಪ್ರಶ್ನೆಗಳು ಪ್ಲಾಸ್ಟಿಕ್ಕಿಗೆ ಸಂಬಂಧಿಸಿದವು, ಅವುಗಳಿಗೆ ಮುಂದೆ ಉತ್ತರಿಸಿದ್ದೇನೆ. ಆದರೆ ನೀವು ಕೇಳದೆ ಬಿಟ್ಟಿರುವ ಇನ್ನೊಂದು ಪ್ರಶ್ನೆ ಇವೆರಡಕ್ಕಿಂತ ದೊಡ್ಡದು: ಕಾಯಿಲ್ ಕೆಟ್ಟು ನೀರಿಗೆ ಕರೆಂಟ್ ಇಳಿದರೆ ಅದು ಯಾವ ದಾರಿಯಿಂದ ಭೂಮಿಯನ್ನು ಸೇರಬೇಕು? ಪ್ಲಾಸ್ಟಿಕ್ ಪಾತ್ರೆಯಲ್ಲಿ ಆ ದಾರಿ ಅರ್ಥ್ ತಂತಿಯೊಂದೇ. ಅದು ಇಲ್ಲದಿದ್ದರೆ ಅಥವಾ ಹೆಸರಿಗಷ್ಟೇ ಇದ್ದರೆ, ಸೌಟು ಅದ್ದಿದ ಕೈಯೇ ದಾರಿಯಾಗುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಡ್ರಮ್ಮಿಗೆ ಕಾಯಿಲ್ ಕೂಡಿಸಬೇಡಿ, ರಾಡನ್ನೂ ಇಳಿಬಿಡಬೇಡಿ. ಕುದಿಸುವುದನ್ನು ಒಲೆಯ ಮೇಲೆ ಸ್ಟೀಲ್ ಪಾತ್ರೆಯಲ್ಲಿ ಮಾಡಿ, ಆರಿದ ಮೇಲೆ ಹುಳಿಯಲು ಇಡುವುದಕ್ಕೆ ಗಾಜು ಅಥವಾ ಒಳ್ಳೆಯ ಪ್ಲಾಸ್ಟಿಕ್ ಬಳಸಿ.

ನಿಮ್ಮ ತಮ್ಮ ಮಾಡುತ್ತಿರುವುದು ಹುಚ್ಚು ಸಾಹಸವೆಂದು ನಾನು ಹೇಳುವುದಿಲ್ಲ. ಮನೆಯಲ್ಲಿ ಬಿಯರ್ ಮಾಡಲು ಲೈಸೆನ್ಸ್ ಬೇಕೆಂಬ ನಿಯಮವನ್ನು ಬ್ರಿಟನ್ 1963ರಲ್ಲಿ ತೆಗೆದುಹಾಕಿತು. ಆ ಬಳಿಕ ಅಲ್ಲಿ ಈ ಹವ್ಯಾಸ ಬೆಳೆದಂತೆ, ಪ್ಲಾಸ್ಟಿಕ್ ಬಕೆಟ್ಟಿಗೆ ಕೆಟಲ್ ಎಲಿಮೆಂಟ್ ಕೂಡಿಸುವುದು ಕಡಿಮೆ ಖರ್ಚಿನ ಉಪಾಯವಾಗಿ ಬಳಕೆಗೆ ಬಂತು. ನಾವು ಅಂಗಡಿಯಿಂದ ತರುವ ಎಷ್ಟೋ ಎಲೆಕ್ಟ್ರಿಕ್ ಕೆಟಲ್‌ಗಳ ಮೈ ಕೂಡ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನದೇ. ಆದರೆ ಆ ಬಕೆಟ್ಟಿನ ಹಿಂದೆ ಕಣ್ಣಿಗೆ ಕಾಣದ ವ್ಯವಸ್ಥೆಯೊಂದು ಕೆಲಸ ಮಾಡುತ್ತಿರುತ್ತದೆ. ಅಲ್ಲಿಯ ಪ್ಲಗ್ಗಿಗೆ ಮೂರು ಪಿನ್ನು, ಅದರೊಳಗೇ 13 ಆಂಪಿಯರ್‌ವರೆಗಿನ ಫ್ಯೂಸು. ಈಚಿನ ಮನೆಗಳ ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಸಾಧನ. ನೀರು ಬತ್ತಿ ಕಾಯಿಲ್ ಬರಿದಾದರೆ ತಾನೇ ಆರಿಹೋಗುವ ಕಟ್-ಔಟ್ ಉಳ್ಳ ಎಲಿಮೆಂಟು. ಬಕೆಟ್ಟನ್ನು ನಕಲು ಮಾಡುವುದು ಸುಲಭ, ಅದರ ಹಿಂದಿನ ಈ ವ್ಯವಸ್ಥೆಯನ್ನು ನಕಲು ಮಾಡುವುದು ಸುಲಭವಲ್ಲ.

ಕಾಯಿಲ್ ಹೇಗೆ ಕೆಡುತ್ತದೆ ಎಂಬುದನ್ನು ತಿಳಿದುಕೊಂಡರೆ ನನ್ನ ಮಾತಿನ ತೂಕ ಗೊತ್ತಾಗುತ್ತದೆ. ಹೊರಗೆ ಕಾಣುವ ಲೋಹದ ಕೊಳವೆ ಬರೀ ಕವಚ. ಅದರ ನಡುವೆ ನೈಕ್ರೋಮ್ ತಂತಿಯ ಸುರುಳಿ ಇರುತ್ತದೆ. ತಂತಿಗೂ ಕವಚಕ್ಕೂ ನಡುವಿನ ಜಾಗದಲ್ಲಿ ಮೆಗ್ನೀಸಿಯಂ ಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಈ ಪುಡಿ ಶಾಖವನ್ನು ದಾಟಿಸುತ್ತದೆ, ಕರೆಂಟನ್ನು ತಡೆಯುತ್ತದೆ. ಆದರೆ ಅದಕ್ಕೆ ತೇವ ಹೀರುವ ಗುಣವಿದೆ. ಹಳೆಯ ರಾಡೊಂದನ್ನು ಕೈಯಲ್ಲಿ ಹಿಡಿದು, ಪಿನ್ನು ಹೊರಬರುವ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಅಂಟಿನಂತಹ ಪದಾರ್ಥದಿಂದ ಬಾಯಿ ಮುಚ್ಚಿರುತ್ತಾರೆ. ವರ್ಷಗಟ್ಟಲೆ ಕಾದು ಆರಿ, ಕಾದು ಆರಿ, ಆ ಮುಚ್ಚಳದ ಸುತ್ತ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಅಷ್ಟು ಸಾಕು. ಹಬೆ ಒಳಗೆ ಹೋಗುತ್ತದೆ, ಪುಡಿ ನೆನೆಯುತ್ತದೆ, ಫೇಸ್ ತಂತಿಯ ಕರೆಂಟು ಕವಚಕ್ಕೆ ಸೋರತೊಡಗುತ್ತದೆ. ಇಷ್ಟಾದರೂ ನೀರು ಎಂದಿನಂತೆಯೇ ಕಾಯುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಎಲೆಕ್ಟ್ರಿಷಿಯನ್ 500 ವೋಲ್ಟಿನ ಮೆಗ್ಗರ್ ಹಿಡಿದು ಪಿನ್ನಿಗೂ ಕವಚಕ್ಕೂ ನಡುವಿನ ರೋಧವನ್ನು ಅಳೆದಾಗಲೇ ಇದು ಬಯಲಾಗುವುದು. ಒಳ್ಳೆಯ ಕಾಯಿಲ್‌ನಲ್ಲಿ ಅದು ಹಲವು ಮೆಗಾಓಮ್ ತೋರಿಸಬೇಕು. ಒಂದು ಮೆಗಾಓಮ್‌ಗಿಂತ ಕೆಳಗಿಳಿದ ಕಾಯಿಲನ್ನು ನಾನಾದರೆ ಗುಜರಿಗೆ ಹಾಕುತ್ತೇನೆ.

ಹೀಗೆ ಸೋರಿದ ಕರೆಂಟನ್ನು ಹಿಡಿಯಬೇಕಾದದ್ದು ಅರ್ಥಿಂಗ್. ಇಲ್ಲಿ ಒಂದು ಲೆಕ್ಕ ಹಾಕೋಣ. ಒಳಗಿನ ತಂತಿ ಕವಚಕ್ಕೆ ಪೂರ್ತಿ ತಗುಲಿತು, ಭೂಮಿಗೆ ಹೋಗುವ ಇಡೀ ದಾರಿಯ ರೋಧ 5 ಓಮ್ ಇದೆ ಎನ್ನಿ. ಆಗ 230 ವೋಲ್ಟಿಗೆ 46 ಆಂಪಿಯರ್ ಹರಿಯುತ್ತದೆ. 16 ಆಂಪಿಯರ್‌ನ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಕೆಲವು ಸೆಕೆಂಡ್ ತಡೆದಾದರೂ ಬೀಳುತ್ತದೆ. ಅದೇ ರೋಧ 20 ಓಮ್‌ಗೆ ಏರಿದ್ದರೆ ಹರಿಯುವುದು ಹನ್ನೊಂದೂವರೆ ಆಂಪಿಯರ್ ಮಾತ್ರ. 16 ಆಂಪಿಯರ್‌ನ ಎಂಸಿಬಿ ಇದನ್ನು ಸಾಮಾನ್ಯ ಲೋಡು ಎಂದೇ ತಿಳಿದು ಸುಮ್ಮನಿರುತ್ತದೆ. ನೀರು, ಕವಚ, ಅದಕ್ಕೆ ತಗುಲಿದ ಪ್ರತಿಯೊಂದು ಲೋಹದ ಭಾಗವೂ ಕರೆಂಟ್ ಹೊತ್ತು ನಿಂತಿರುತ್ತದೆ.

ನಮ್ಮ ಕಡೆ ಈ ರೋಧ ಏರುವುದಕ್ಕೆ ಕಾರಣಗಳಿಗೆ ಬರವಿಲ್ಲ. ಎರೆಮಣ್ಣು ಮಳೆಗಾಲದಲ್ಲಿ ಅರ್ಥಿಂಗ್‌ಗೆ ಬಹಳ ಒಳ್ಳೆಯದು. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಅದು ಬಾಯಿ ಬಿಟ್ಟು, ಒಣಗಿ, ಕುಗ್ಗಿ, ಹೂತಿಟ್ಟ ಪೈಪಿನಿಂದ ದೂರ ಸರಿಯುತ್ತದೆ. ಶಹಾಬಾದ್, ವಾಡಿ, ಸೇಡಂ ಕಡೆ ಕೆಲವೇ ಅಡಿ ಅಗೆದರೆ ಪರಸಿ ಕಲ್ಲು ಸಿಗುವುದರಿಂದ ಎಷ್ಟೋ ಮನೆಗಳಲ್ಲಿ ಅರ್ಥ್ ಗುಂಡಿಯನ್ನು ಆಳವಾಗಿ ತೆಗೆದೇ ಇರುವುದಿಲ್ಲ. ಇದ್ದಿಲು, ಉಪ್ಪು ಹಾಕಿ ಒಮ್ಮೆ ಮುಚ್ಚಿದ ಗುಂಡಿಗೆ ಮತ್ತೆ ಯಾರೂ ನೀರು ಹಾಕುವುದಿಲ್ಲ. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೆಯ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಟೆಸ್ಟರ್ ಸ್ಕ್ರೂಡ್ರೈವರ್ ಇದನ್ನು ಪತ್ತೆ ಮಾಡಲಾರದು. ಅರ್ಥ್ ಟೆಸ್ಟರ್ ಇರುವವರನ್ನೇ ಕರೆಸಿ ಅಳೆಸಬೇಕು.

ಇಷ್ಟೆಲ್ಲ ಅಡೆತಡೆಗಳ ನಡುವೆ ಜೀವ ಉಳಿಸುವ ಸಾಧನವೊಂದಿದೆ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಹಳಬರು ಇದನ್ನು ಇಎಲ್‌ಸಿಬಿ ಎಂದು ಕರೆಯುತ್ತಾರೆ. ಇದು ಫೇಸಿನಲ್ಲಿ ಹೋದ ಕರೆಂಟನ್ನೂ ನ್ಯೂಟ್ರಲ್‌ನಲ್ಲಿ ಮರಳಿದ ಕರೆಂಟನ್ನೂ ಸದಾ ತಾಳೆ ನೋಡುತ್ತಿರುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ, ಸೆಕೆಂಡಿನ ಮೂರನೆಯ ಒಂದು ಭಾಗಕ್ಕೂ ಕಡಿಮೆ ಸಮಯದಲ್ಲಿ, ಎರಡೂ ತಂತಿಗಳನ್ನು ಕಡಿಯುತ್ತದೆ. ಎಂಸಿಬಿ ಇರುವುದು ತಂತಿಯ ರಕ್ಷಣೆಗೆ, ಆರ್‌ಸಿಸಿಬಿ ಇರುವುದು ಮನುಷ್ಯನ ರಕ್ಷಣೆಗೆ; ಒಂದಿದ್ದರೆ ಇನ್ನೊಂದು ಬೇಡವೆನ್ನುವ ಎಲೆಕ್ಟ್ರಿಷಿಯನ್‌ನ ಮಾತನ್ನು ದಯವಿಟ್ಟು ಕೇಳಬೇಡಿ. ಕೊಂಬುಚಾ ಮಾಡಿ, ಬಿಡಿ, ಸ್ನಾನದ ಮನೆಯಲ್ಲಿ ಗೀಸರ್ ಇರುವ ಪ್ರತಿ ಮನೆಗೂ ಇದು ಬೇಕು. ಅದರ ಮೇಲಿನ ಟೆಸ್ಟ್ ಬಟನ್ ಒತ್ತಿದಾಗ ಅದು ಬೀಳದಿದ್ದರೆ ಅಂದೇ ಬದಲಾಯಿಸಿ.

ಈಗ ಪ್ಲಾಸ್ಟಿಕ್ಕಿನ ವಿಷಯ. ನೀಲಿ ಡ್ರಮ್ಮುಗಳು ಸಾಮಾನ್ಯವಾಗಿ ಎಚ್‌ಡಿಪಿಇ ಎಂಬ ಬಗೆಯವು. ತಳದಲ್ಲಿ ತ್ರಿಕೋನದೊಳಗೆ 2 ಎಂಬ ಅಂಕಿ ಇರುತ್ತದೆ. ಇದು ಕರಗುವುದು ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದ ಕಲಬುರಗಿಯಲ್ಲಿ ನೀರು ತೊಂಬತ್ತೆಂಟೂವರೆ ಡಿಗ್ರಿಗೇ ಕುದಿಯುತ್ತದೆ, ಇನ್ನೂ ಎತ್ತರದ ಬೀದರಿನಲ್ಲಿ ಮತ್ತೂ ಸ್ವಲ್ಪ ಕಡಿಮೆ. ಹಾಗಾಗಿ ನೀರು ತುಂಬಿರುವವರೆಗೆ ಡ್ರಮ್ಮು ಕರಗಿ ಹರಿಯುವುದಿಲ್ಲ. ಆದರೆ ಕರಗುವುದು ಬೇರೆ, ಮೆತ್ತಗಾಗುವುದು ಬೇರೆ. ಭಾರ ಬಿದ್ದ ಎಚ್‌ಡಿಪಿಇ 70-80 ಡಿಗ್ರಿಯಲ್ಲೇ ಬಾಗತೊಡಗುತ್ತದೆ. 40 ಲೀಟರ್ ಎಂದರೆ 40 ಕಿಲೋ. ಅಷ್ಟು ತೂಕದ ಕುದಿಯುವ ನೀರನ್ನು ಹೊತ್ತ ಡ್ರಮ್ಮಿನ ಹೊಟ್ಟೆ ಉಬ್ಬುತ್ತದೆ, ಅದನ್ನು ಸ್ಟೂಲಿನ ಮೇಲೋ ಕಟ್ಟೆಯ ಅಂಚಿಗೋ ಇಟ್ಟಿದ್ದರೆ ವಾಲುತ್ತದೆ. ಕುದಿನೀರು ಕಾಲ ಮೇಲೆ ಸುರಿದರೆ ಆಗುವ ಅನಾಹುತವನ್ನು ನಾನು ವಿವರಿಸಬೇಕಿಲ್ಲ.

ಕಾಯಿಲ್ ಕೂಡಿಸಲು ಕೊರೆದ ತೂತು ಇನ್ನೊಂದು ದುರ್ಬಲ ಜಾಗ. ಗೀಸರ್ ಕಾಯಿಲ್‌ನ ಚೂಡಿಗೆ (ತಿರುಪಿನ ಸುತ್ತುಗಳಿಗೆ) ಸುಮಾರು 42 ಮಿಲಿಮೀಟರಿನ ತೂತು ಬೇಕಾಗುತ್ತದೆ. ಡ್ರಮ್ಮಿನ ಗೋಡೆ ಗುಂಡಗಿರುತ್ತದೆ, ಕಾಯಿಲ್‌ನ ಅಂಚು ಚಪ್ಪಟೆಯಾಗಿರುತ್ತದೆ. ವಾಷರ್ ಎಲ್ಲ ಕಡೆ ಸಮನಾಗಿ ಕೂರುವುದೇ ಇಲ್ಲ. ಮೇಲಾಗಿ ಪ್ಲಾಸ್ಟಿಕ್ ಕಾದಾಗ ಲೋಹದ ಹತ್ತು ಪಟ್ಟಿನಷ್ಟು ಹಿಗ್ಗುತ್ತದೆ, ಬಿಗಿದ ನಟ್ಟಿನ ಒತ್ತಡಕ್ಕೆ ಸಿಕ್ಕಿ ನಿಧಾನವಾಗಿ ತೆಳ್ಳಗಾಗುತ್ತದೆ. ಮೊದಲ ದಿನ ಹನಿಯೂ ಸೋರದ ಜೋಡಣೆ ಕೆಲವು ಬಾರಿ ಕುದಿಸಿದ ಮೇಲೆ ಸೋರುತ್ತದೆ. ಹನಿ ಜಾರುವ ಜಾಗ ಯಾವುದು ಎಂದರೆ ಕಾಯಿಲ್‌ನ ಹಿಂದಿನ ತಂತಿ ಕೂಡಿಸುವ ತಿರುಪುಗಳೇ. ನೀರಿನ ಮಟ್ಟ ಇಳಿದು ಕಾಯಿಲ್‌ನ ಒಂದು ಬೆರಳಷ್ಟು ಭಾಗ ಹೊರಬಂದರಂತೂ ಅದು ಕೆಂಪಗೆ ಕಾದು, ಹತ್ತಿರದ ಪ್ಲಾಸ್ಟಿಕ್ ಕರಗಿ ಹೊತ್ತಿಕೊಳ್ಳಬಹುದು. ನೀರು ತುಂಬಿದ ಪ್ಲಾಸ್ಟಿಕ್ ಕರಗುವುದಿಲ್ಲ ಎಂಬ ಮೇಲಿನ ಮಾತು ಆ ಕ್ಷಣಕ್ಕೆ ಮುಗಿದುಹೋಗುತ್ತದೆ.

ವಿಷ ಸೇರುತ್ತದೆಯೇ ಎಂದು ಕೇಳಿದ್ದೀರಿ. ನಿಮ್ಮ ಡ್ರಮ್ಮಿನ ಮಟ್ಟಿಗೆ ನಾನು ಅಂಜುವುದು ಪ್ಲಾಸ್ಟಿಕ್ಕಿಗಿಂತ ಅದರ ಹಿಂದಿನ ಜೀವನಕ್ಕೆ. ಬಜಾರಿನಲ್ಲಿ ಸಿಗುವ ಹಳೆಯ ನೀಲಿ ಡ್ರಮ್ಮುಗಳಲ್ಲಿ ಮೊದಲು ಏನು ತುಂಬಿತ್ತೆಂದು ಮಾರುವವನಿಗೂ ಗೊತ್ತಿರುವುದಿಲ್ಲ. ಕಾರ್ಖಾನೆಯ ರಾಸಾಯನಿಕ ಇರಬಹುದು, ಕೀಟನಾಶಕವೂ ಇರಬಹುದು. ಎಚ್‌ಡಿಪಿಇ ಇಂತಹ ಪದಾರ್ಥಗಳನ್ನು ತನ್ನೊಳಗೆ ಹೀರಿಕೊಳ್ಳುತ್ತದೆ. ಸೋಪು ಹಾಕಿ ತಿಕ್ಕಿದರೆ ಮೇಲ್ಮೈ ಹೊಳೆಯಬಹುದು, ಒಳಗೆ ಹೀರಿಕೊಂಡದ್ದು ಬಿಸಿ ಮತ್ತು ಹುಳಿ ತಗುಲಿದಾಗ ಮತ್ತೆ ಹೊರಬರುತ್ತದೆ. ಆ ಡ್ರಮ್ಮನ್ನು ಗಿಡಗಳಿಗೂ ಅಲ್ಲ, ಕಸ ತುಂಬಲು ಇಟ್ಟುಕೊಳ್ಳಿ. ಆಹಾರಕ್ಕೆಂದೇ ತಯಾರಾದ ಹೊಸ ಪಾತ್ರೆ ಬೇಕಾದರೆ ಗ್ಲಾಸು-ಫೋರ್ಕಿನ ಚಿಹ್ನೆ ನೋಡಿ. ಅದರ ಜೊತೆಗೆ ಪಾಲಿಎಥಿಲೀನ್ ಆಗಿದ್ದರೆ ಐಎಸ್ 10146, ಪಾಲಿಪ್ರೊಪಿಲೀನ್ ಆಗಿದ್ದರೆ ಐಎಸ್ 10910 ಎಂಬ ಮಾನಕಕ್ಕೆ ಹೊಂದುತ್ತದೆಯೇ ಎಂದು ಕೇಳಿ ತೆಗೆದುಕೊಳ್ಳಿ. ತ್ರಿಕೋನದೊಳಗೆ 5 ಎಂದಿರುವ ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಗೆ ಕರಗುವಂಥದ್ದು, ಬಿಸಿಗೆ ಎಚ್‌ಡಿಪಿಇಗಿಂತ ಗಟ್ಟಿ. 1 ಎಂದಿರುವ ನೀರಿನ ಬಾಟಲಿಯ ಪ್ಲಾಸ್ಟಿಕ್ 70-80 ಡಿಗ್ರಿಗೇ ಮುದುಡುತ್ತದೆ, ಅದರೊಳಗೆ ಬಿಸಿ ಚಹಾ ಸುರಿಯಲೇಬೇಡಿ.

ಸ್ನಾನದ ರಾಡಿನ ಬಗ್ಗೆ ಎರಡು ಮಾತು. ಐಎಸ್ 368 ಮಾನಕದ, ಐಎಸ್‌ಐ ಗುರುತಿನ ರಾಡೇ ಆದರೂ ಅದನ್ನು ಮಾಡಿರುವುದು ನೀರು ಕಾಯಿಸುವುದಕ್ಕೆ. ಅದರ ಕವಚ ಬಹುಮಟ್ಟಿಗೆ ತಾಮ್ರ, ಮೇಲೆ ತೆಳುವಾದ ಲೋಹದ ಲೇಪ. ಶುಂಠಿ-ನಿಂಬೆಯ ರಸವಾಗಲಿ, ಹುಳಿದ ಕೊಂಬುಚಾವಾಗಲಿ ಆಮ್ಲೀಯ. ಕೊಂಬುಚಾ ಸಿದ್ಧವಾದಾಗ ಅದರ ಪಿಎಚ್ ಸಾಮಾನ್ಯವಾಗಿ 3.5ಕ್ಕಿಂತ ಕೆಳಗಿರುತ್ತದೆ. ಲೇಪ ಸವೆದ ಕಡೆ ಈ ಹುಳಿ ತಾಮ್ರವನ್ನು ಕರಗಿಸಿ ಪಾನೀಯಕ್ಕೆ ಸೇರಿಸುತ್ತದೆ. ಸಕ್ಕರೆ ಅಥವಾ ಬೆಲ್ಲದ ದ್ರವವಾದರೆ ಬಿಸಿ ಕವಚಕ್ಕೆ ಅಂಟಿ ಸೀದು ಕರಕಲಾಗುತ್ತದೆ. ಬಿಯರ್ ಮಾಡುವವರು ಪ್ರತಿ ಚದರ ಸೆಂಟಿಮೀಟರಿಗೆ ಕಡಿಮೆ ವಾಟ್ ಬೀಳುವಂತಹ ಉದ್ದನೆಯ ಸ್ಟೇನ್‌ಲೆಸ್ ಸ್ಟೀಲ್ ಎಲಿಮೆಂಟುಗಳನ್ನು ಹುಡುಕುವುದು ಇದೇ ಕಾರಣಕ್ಕೆ. ರಾಡನ್ನು ಅಡುಗೆಯ ಯಾವ ಪದಾರ್ಥಕ್ಕೂ ಬಳಸಬೇಡಿ.

ವೈರಿಂಗ್ ಕೂಡ ಇಷ್ಟು ಹೊತ್ತಿನ ಲೋಡಿಗೆ ತಯಾರಿರಬೇಕು. 40 ಲೀಟರ್ ನೀರನ್ನು 28 ಡಿಗ್ರಿಯಿಂದ ಕುದಿಗೆ ತರಲು ಸುಮಾರು ಮೂರೂಕಾಲು ಯೂನಿಟ್ ಕರೆಂಟ್ ಬೇಕು, 2 ಕಿಲೋವಾಟ್ ಕಾಯಿಲ್‌ನಲ್ಲಿ ಇದಕ್ಕೆ ಒಂದೂಮುಕ್ಕಾಲು ತಾಸಿನಷ್ಟು ಹಿಡಿಯುತ್ತದೆ. ಬೇಸಿಗೆಯ ಸಂಜೆ ವೋಲ್ಟೇಜು 190ಕ್ಕೆ ಇಳಿದರೆ ಅದೇ ಕಾಯಿಲ್ ಕೊಡುವುದು 1,365 ವಾಟ್ ಮಾತ್ರ, ಏಕೆಂದರೆ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ಆಗ ಎರಡೂವರೆ ತಾಸು ಹಿಡಿದರೂ ಆಶ್ಚರ್ಯವಿಲ್ಲ. ಅಷ್ಟು ಹೊತ್ತೂ ಒಂಬತ್ತು ಆಂಪಿಯರ್‌ವರೆಗಿನ ಕರೆಂಟು ಸಾಕೆಟ್ಟಿನ ಮೂಲಕ ಹರಿಯುತ್ತಿರುತ್ತದೆ. 6 ಆಂಪಿಯರ್‌ನ ಸಣ್ಣ ಸಾಕೆಟ್ಟಿಗೆ ಹಾಕಿದರೆ ಪ್ಲಗ್ಗು ಕಂದುಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತದೆ. 16 ಆಂಪಿಯರ್ ಸಾಕೆಟ್, ಅದಕ್ಕೆ ಬೋರ್ಡಿನಿಂದ ನೇರ ಬಂದ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಬೇಕೇಬೇಕು, ಎಕ್ಸ್‌ಟೆನ್ಷನ್ ಬೋರ್ಡು ಸಲ್ಲದು. ಕೆಲವರು ಕಂಪ್ಯೂಟರಿನ ಪವರ್ ಕೇಬಲ್ಲನ್ನೇ ಕೆಟಲ್ ಎಲಿಮೆಂಟಿಗೆ ಚುಚ್ಚುತ್ತಾರೆ. ಕಂಪ್ಯೂಟರಿನ ಸಿ-13 ಕನೆಕ್ಟರ್ 70 ಡಿಗ್ರಿ ಬಿಸಿಗಷ್ಟೇ ತಡೆಯುವಂಥದ್ದು. ಕೆಟಲ್ಲಿಗೆ 120 ಡಿಗ್ರಿ ತಡೆಯುವ ಸಿ-15 ಬೇಕು, ಅದರ ಅಂಚಿನಲ್ಲಿ ಸಣ್ಣ ಕಚ್ಚು ಇರುತ್ತದೆ. ಇದನ್ನು ನಿಮ್ಮ ತಮ್ಮನಿಗೂ ತಿಳಿಸಿ, ಅವರ ಬಕೆಟ್ಟಿನಲ್ಲಿ ಯಾವುದಿದೆ ನೋಡಿಕೊಳ್ಳಲಿ.

ಅವರ ಊರಿಗಿಂತ ನಮ್ಮ ಊರಿನ ನೀರು ಕಾಯಿಲ್‌ಗೆ ಇನ್ನಷ್ಟು ಕಠಿಣ. ಕಲಬುರಗಿ ಜಿಲ್ಲೆಯ ಸೇಡಂ, ಶಹಾಬಾದ್, ವಾಡಿ ಕಡೆಯ ಭಾಗ ಸುಣ್ಣದ ಕಲ್ಲಿನ ಮೇಲೆ ಕುಳಿತಿದೆ, ಸಿಮೆಂಟ್ ಕಾರ್ಖಾನೆಗಳು ಇಲ್ಲಿ ನೆಲೆಯಾದದ್ದೂ ಅದಕ್ಕೇ. ಆ ಸುಣ್ಣ ಬೋರಿನ ನೀರಿನಲ್ಲಿ ಕರಗಿ ಬಂದು, ಕಾದಾಗ ಕವಚದ ಮೇಲೆ ಬಿಳಿ ಪದರವಾಗಿ ಕೂರುತ್ತದೆ. ಪದರದೊಳಗೆ ಸಿಕ್ಕ ಕಾಯಿಲ್ ತನ್ನ ಶಾಖವನ್ನು ನೀರಿಗೆ ಕೊಡಲಾಗದೆ ಅತಿಯಾಗಿ ಕಾದು ಕವಚ ಸೀಳುತ್ತದೆ. ಗೀಸರ್ ಕಾಯಿಲ್ ನಮ್ಮಲ್ಲಿ ಬೇಗ ಹೋಗುವುದೂ ಹೀಗೆಯೇ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ತಮ್ಮ ಅಲ್ಲಿ ಮಾಡುವ ಬಿಯರನ್ನು ನೀವು ಇಲ್ಲಿ ಮಾಡುವಂತಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ನಿಮ್ಮ ಶುಂಠಿ ಪಾನೀಯ ಮತ್ತು ಕೊಂಬುಚಾ ಆ ಗೆರೆಯ ಈಚೆಗೇ ಇರಬೇಕಾದರೆ ಹೆಚ್ಚು ದಿನ ಹುಳಿಯಲು ಬಿಡಬೇಡಿ. ಆಹಾರ ಸುರಕ್ಷತಾ ನಿಯಮದಲ್ಲಿ ಶೇಕಡಾ 0.5ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವುದು ಮದ್ಯದ ಲೆಕ್ಕಕ್ಕೆ ಬರುತ್ತದೆ, ಸಕ್ಕರೆ ಹೆಚ್ಚಾಗಿ ಬೆಚ್ಚಗಿನ ಜಾಗದಲ್ಲಿ ಬಹುದಿನ ನಿಂತ ಕೊಂಬುಚಾ ಇದನ್ನು ದಾಟುವುದುಂಟು.

ಇನ್ನು ನಿಮ್ಮ ಕೆಲಸ ಆಗಬೇಕಲ್ಲ. ನಿಜ ಹೇಳಬೇಕೆಂದರೆ ನೀವು 40 ಲೀಟರನ್ನೂ ಕುದಿಸುವ ಅಗತ್ಯವೇ ಇಲ್ಲ. ಬಿಯರ್ ಮಾಡುವವರು ಮಾಲ್ಟಿನ ರಸವನ್ನು ಸಾಮಾನ್ಯವಾಗಿ ಒಂದು ತಾಸಿನಷ್ಟು ಹೊತ್ತು ಪೂರ್ತಿಯಾಗಿ ಕುದಿಸಬೇಕಾಗುತ್ತದೆ, ಆ ಕಾರಣಕ್ಕೇ ಅವರಿಗೆ ದೊಡ್ಡ ಪಾತ್ರೆ, ದೊಡ್ಡ ಕಾಯಿಲ್. ನಿಮ್ಮ ಪಾನೀಯಕ್ಕೆ ಆ ಕಟ್ಟುಪಾಡಿಲ್ಲ. 20 ಲೀಟರ್ ಕೊಂಬುಚಾ ಬೇಕೆಂದರೆ 5 ಲೀಟರ್ ನೀರನ್ನು ಸ್ಟೀಲ್ ಬೋಗುಣಿಯಲ್ಲಿ ಗ್ಯಾಸ್ ಒಲೆಯ ಮೇಲೆ ಕುದಿಸಿ, 20 ಲೀಟರಿಗೆ ಬೇಕಾಗುವಷ್ಟು ಚಹಾಪುಡಿ, ಸಕ್ಕರೆಯನ್ನೆಲ್ಲ ಅದರಲ್ಲೇ ಹಾಕಿ ಗಟ್ಟಿ ಡಿಕಾಕ್ಷನ್ ಮಾಡಿ ಸೋಸಿಕೊಳ್ಳಿ. ಹಿಂದಿನ ದಿನ ಕುದಿಸಿ ಆರಿಸಿಟ್ಟ ಅಥವಾ ಫಿಲ್ಟರಿನ ತಣ್ಣೀರನ್ನು 15 ಲೀಟರ್ ಸೇರಿಸಿ. ಡಿಕಾಕ್ಷನ್ ಸುರಿಯುವ ಮೊದಲು ಪಾತ್ರೆಯಲ್ಲಿ ತಣ್ಣೀರು ಇರಲಿ, ಆಗ ಪ್ಲಾಸ್ಟಿಕ್ಕಾಗಲಿ ಗಾಜಾಗಲಿ ಕುದಿಯುವ ಬಿಸಿಯನ್ನು ಕಾಣುವುದೇ ಇಲ್ಲ. ಬೆರೆಸಿದ್ದು 30 ಡಿಗ್ರಿಗಿಂತ ಕೆಳಗಿಳಿದ ಮೇಲೆ ಹಳೆಯ ಕೊಂಬುಚಾದ ಹೆಪ್ಪು ಹಾಕಿ. ಶುಂಠಿಯೂ ಹೀಗೆಯೇ, ಜಜ್ಜಿದ ಶುಂಠಿ, ಬೆಲ್ಲವನ್ನು ಕಡಿಮೆ ನೀರಿನಲ್ಲಿ ಕುದಿಸಿ, ನಿಂಬೆರಸವನ್ನು ಆರಿದ ಮೇಲೆ ಹಿಂಡಿ, ತಣ್ಣೀರು ಬೆರೆಸಿದರೆ ಸಾಕು. ಗ್ಯಾಸ್ ಬೇಡವೆಂದರೆ ಇಂಡಕ್ಷನ್ ಒಲೆ ಇದೆ. ಅದರಲ್ಲಿ ದ್ರವದೊಳಗೆ ಕಾಯಿಲ್ ಮುಳುಗಿರುವುದೇ ಇಲ್ಲ, ಹಾಗಾಗಿ ನಾನು ಮೇಲೆ ಹೇಳಿದ ಸೋರಿಕೆಯ ಭಯ ಬಹುಪಾಲು ಹೋಗುತ್ತದೆ. ಆದರೂ 16 ಆಂಪಿಯರ್ ಸಾಕೆಟ್ಟು, ಆರ್‌ಸಿಸಿಬಿ ಎರಡೂ ಇರಲಿ.

ಹುಳಿಯಲು ಇಟ್ಟ ಪಾತ್ರೆಯನ್ನು ಬೆಚ್ಚಗಿಡಲು ಕೂಡ ಒಳಗೆ ಕಾಯಿಲ್ ಬೇಡ. ಕೊಂಬುಚಾಕ್ಕೆ 24ರಿಂದ 30 ಡಿಗ್ರಿ ಸಾಕು. ಕಲಬುರಗಿಯಲ್ಲಿ ವರ್ಷದ ಬಹುಕಾಲ ಅದು ಕೋಣೆಯಲ್ಲೇ ಸಿಗುತ್ತದೆ, ಏಪ್ರಿಲ್-ಮೇನಲ್ಲಿ ಒದ್ದೆ ಬಟ್ಟೆ ಸುತ್ತಿ ನೆಲದ ಮೇಲಿಟ್ಟು ತಂಪು ಮಾಡುವುದೇ ಕೆಲಸವಾಗುತ್ತದೆ. ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಪಾತ್ರೆಯನ್ನು ಅಡುಗೆಮನೆಯ ಒಳಗೋಡೆಯ ಬದಿಗೆ ಸರಿಸಿ, ಹಳೆಯ ಕೌದಿ ಸುತ್ತಿ, ಎರಡು-ಮೂರು ದಿನ ಹೆಚ್ಚು ಬಿಡಿ.